ಮೌಸ್ (ಪದ)

ಮೌಸ್ ಎಂಬುದು ಚಿಕ್ಕ ಇಲಿಯನ್ನು, ಅಂದರೆ ಸುಂಡಿಲಿಯನ್ನು, ಸೂಚಿಸುವ ಇಂಗ್ಲಿಷ್ ನಾಮಪದ. ದೊಡ್ಡ ಇಲಿಗೆ ಆ ಭಾಷೆಯಲ್ಲಿ ರ‍್ಯಾಟ್ ಎಂಬ ಬೇರೆ ಪದವಿದೆ. ಗಣಕಯಂತ್ರದ ಪರದೆಯ ಮೇಲಿನ ಸೂಚಕವನ್ನು ನಡೆಸುವ ಕೈಸಾಧನಕ್ಕೂ ಮೌಸ್ ಎಂದೇ ಹೆಸರು.

ವ್ಯುತ್ಪತ್ತಿ

ಪ್ರಾಚೀನ ಇಂಗ್ಲಿಷಿನಲ್ಲಿ ಈ ಪದದ ರೂಪ ಮೂಸ್. ಲ್ಯಾಟಿನ್ ಭಾಷೆಯ ಮೂಸ್, ಪರ್ಷಿಯನ್ ಭಾಷೆಯ ಮೂಶ್, ಸಂಸ್ಕೃತದ ಮೂಷ್ ಇವೆಲ್ಲವೂ ಇದರೊಂದಿಗೆ ಒಂದೇ ಇಂಡೋ-ಯುರೋಪಿಯನ್ ಮೂಲದಿಂದ ಹುಟ್ಟಿದವು. ಹೀಗಾಗಿ ಕನ್ನಡದಲ್ಲಿ ಬಳಕೆಯಲ್ಲಿರುವ ಮೂಷಿಕ ಎಂಬ ಸಂಸ್ಕೃತ ಪದವು ಮೌಸ್ ಪದದ ದೂರದ ಬಂಧು. ಇಲಿ ಎಂಬುದಾದರೋ ತಮಿಳಿನ ಎಲಿ, ತೆಲುಗಿನ ಎಲುಕ ಪದಗಳಿಗೆ ಸಂಬಂಧಿಸಿದ ದ್ರಾವಿಡ ಪದ. ಅದು ಈ ಕುಲಕ್ಕೆ ಸೇರಿದುದಲ್ಲ.

ಬಹುವಚನ

ಇದರ ಬಹುವಚನ ಮೈಸ್. ಅತಿ ಹಿಂದಿನ ಬಹುವಚನ ಪ್ರತ್ಯಯದಲ್ಲಿದ್ದ ಇಕಾರವು ಪದದೊಳಗಿನ ಊಕಾರದ ಉಚ್ಚಾರಣೆಯನ್ನು ಬದಲಿಸಿತು. ಕಾಲಕ್ರಮದಲ್ಲಿ ಪ್ರತ್ಯಯ ಲೋಪವಾಯಿತು. ಬದಲಾದ ಸ್ವರವೇ ಬಹುವಚನದ ಗುರುತಾಗಿ ಉಳಿಯಿತು. ಹೇನು ಎಂಬರ್ಥದ ಲೌಸ್ ಪದವು ಲೈಸ್ ಆಗುವುದೂ ಇದೇ ಕಾರಣದಿಂದ.

ಅರ್ಥವಿಸ್ತಾರ

ಸ್ನಾಯು ಎಂಬರ್ಥದ ಮಸಲ್ ಪದವು ಲ್ಯಾಟಿನ್ನಿನ ಮುಸ್ಕುಲುಸ್‌ನಿಂದ ಬಂದಿದೆ. ಇದರ ಅಕ್ಷರಶಃ ಅರ್ಥ ಚಿಕ್ಕ ಇಲಿ. ಚರ್ಮದಡಿಯಲ್ಲಿ ಸ್ನಾಯು ಉಬ್ಬಿ ಸರಿಯುವುದು ಇಲಿಯ ಓಟದಂತೆ ಕಂಡದ್ದು ಈ ಹೆಸರಿಗೆ ಕಾರಣವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಪ್ರಾಚೀನ ಗ್ರೀಕ್ ಭಾಷೆಯಲ್ಲಿಯೂ ಇಲಿ ಮತ್ತು ಸ್ನಾಯು ಎರಡಕ್ಕೂ ಒಂದೇ ಪದವಿತ್ತು. ಹೃದಯದ ಸ್ನಾಯುವಿನ ವೈದ್ಯಕೀಯ ಹೆಸರಾದ ಮಯೋಕಾರ್ಡಿಯಂನ ಮೊದಲ ಭಾಗ ಅದರಿಂದಲೇ ಬಂದಿದೆ.

ಗಣಕಯಂತ್ರದ ಮೌಸ್ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡಿತು. ಡಗ್ಲಾಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಅವರು 1964ರಲ್ಲಿ ಮರದ ಕವಚದ ಮೊದಲ ಮಾದರಿಯನ್ನು ನಿರ್ಮಿಸಿದರು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದರ ಸಾರ್ವಜನಿಕ ಪ್ರಾತ್ಯಕ್ಷಿಕೆ ನಡೆಯಿತು. ಪುಟ್ಟ ಗಾತ್ರ ಮತ್ತು ಬಾಲದಂತಹ ತಂತಿಯಿಂದಾಗಿ ಅದಕ್ಕೆ ಈ ಹೆಸರು ಅಂಟಿಕೊಂಡಿತು. ತಂತಿಯಿಲ್ಲದ ಸಾಧನಗಳು ಬಂದ ಮೇಲೂ ಹೆಸರು ಬದಲಾಗಿಲ್ಲ. ಈ ಅರ್ಥದಲ್ಲಿ ಮೈಸ್ ಜೊತೆಗೆ ಮೌಸಸ್ ಎಂಬ ಬಹುವಚನವನ್ನೂ ನಿಘಂಟುಗಳು ದಾಖಲಿಸುತ್ತವೆ.

ತೋರಿಕೆಯ ಸಂಬಂಧ

ಟಿಟ್‌ಮೌಸ್ ಎಂಬುದು ಒಂದು ಸಣ್ಣ ಹಕ್ಕಿಯ ಹೆಸರು. ಅದರ ಕೊನೆಯ ಭಾಗವು ಪ್ರಾಚೀನ ಇಂಗ್ಲಿಷಿನಲ್ಲಿ ಆ ಹಕ್ಕಿಗಿದ್ದ ಮಾಸೆ ಎಂಬ ಹೆಸರಿನಿಂದ ಬಂದಿದೆ. ಇಲಿಗೂ ಅದಕ್ಕೂ ಸಂಬಂಧವಿಲ್ಲ. ಆ ಹಳೆಯ ಪದ ಬಳಕೆ ತಪ್ಪಿದಾಗ ಜನರು ಅದನ್ನು ಮೌಸ್ ಎಂದೇ ಗ್ರಹಿಸಿದರು. ಬಹುವಚನವೂ ಟಿಟ್‌ಮೈಸ್ ಆಯಿತು. ಆದುದರಿಂದ ಪದಗಳ ನಂಟನ್ನು ನಿರ್ಧರಿಸಲು ಇಂದಿನ ರೂಪಸಾಮ್ಯವೊಂದೇ ಸಾಲದು. ಅವುಗಳ ಹಳೆಯ ರೂಪಗಳನ್ನೂ ಪರಿಶೀಲಿಸಬೇಕಾಗುತ್ತದೆ.