ಸಿಡಿ ಡ್ರೈವ್ ಕೆಟ್ಟಿದೆಯಾ? ಹಳೇ ಗೇಮ್ ಹಾಕೋಕೆ ದಾರಿ ಇದೆ

ಕಪಾಟಿನಲ್ಲಿ ವೈಸ್ ಸಿಟಿ, ಏಜ್ ಆಫ್ ಎಂಪೈರ್ಸ್ ಸಿಡಿಗಳು ಹಾಗೇ ಇವೆ, ಡ್ರೈವ್ ಮಾತ್ರ ಕೈಕೊಟ್ಟಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಂತೂ ಬಹುತೇಕ ಡ್ರೈವೇ ಇರಲ್ಲ. ರಜೆ ಬಂತೆಂದರೆ ಮಕ್ಕಳ ಕಾಟ ಬೇರೆ.

ಡೆಸ್ಕ್‌ಟಾಪ್ ಆದರೆ ಮೊದಲು ಕರೆಂಟ್ ತೆಗೆದು, ಡ್ರೈವ್‌ನ ಹಿಂದಿನ ಎರಡೂ ಕೇಬಲ್ ಬಿಚ್ಚಿ ಮತ್ತೆ ಗಟ್ಟಿಯಾಗಿ ಹಾಕಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ.

ಆಗಲಿಲ್ಲವೆಂದರೆ, ಡ್ರೈವ್ ಕೆಲಸ ಮಾಡುವ ಇನ್ನೊಂದು ಕಂಪ್ಯೂಟರ್ ಹುಡುಕಿ. ಮದುವೆ ವಿಡಿಯೋ ಮಾಡುವ ಸ್ಟುಡಿಯೋಗಳಲ್ಲಿ ಡಿವಿಡಿ ರೈಟರ್ ಇನ್ನೂ ಇರುತ್ತೆ. ಅಲ್ಲಿ ಇಮ್ಗ್‌ಬರ್ನ್‌ನಂಥ ಉಚಿತ ಸಾಫ್ಟ್‌ವೇರ್‌ನಿಂದ ಡಿಸ್ಕನ್ನು ಐಎಸ್ಒ ಫೈಲ್ ಮಾಡಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಐಎಸ್ಒ ಅಂದರೆ ಇಡೀ ಡಿಸ್ಕನ್ನು ಒಂದೇ ಫೈಲಿಗೆ ಇಳಿಸಿದ ಹಾಗೆ. ವಿಂಡೋಸ್ 8, 10, 11ರಲ್ಲಿ ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಹೊಸ ಡ್ರೈವ್ ಬಂದಂತೆ ಕಾಣುತ್ತೆ. ಒಳಗಿನ ಸೆಟಪ್ ಒತ್ತಿದರೆ ಆಯ್ತು. ವಿಂಡೋಸ್ 7 ಆದರೆ ಇದಕ್ಕೆ ಬೇರೆ ಸಾಫ್ಟ್‌ವೇರ್ ಬೇಕು. ವೈಸ್ ಸಿಟಿಯಂತೆ ಎರಡು ಸಿಡಿ ಇರುವ ಗೇಮ್ ಆದರೆ ಎರಡನ್ನೂ ಐಎಸ್ಒ ಮಾಡಿಸಿ. ಅರ್ಧದಲ್ಲಿ 'ಡಿಸ್ಕ್ 2 ಹಾಕಿ' ಎಂದು ಕೇಳಿದಾಗ ಎರಡನೆಯದನ್ನು ತೆರೆಯಿರಿ.

ಹಲವರು ಎಡವೋದು ಪೆನ್‌ಡ್ರೈವ್‌ನಲ್ಲಿ. 16 ಜಿಬಿ ಖಾಲಿ ಇದ್ದರೂ ಡಿವಿಡಿಯ ಫೈಲ್ ಕಾಪಿ ಆಗಲ್ಲ, 'ಫೈಲ್ ತುಂಬಾ ದೊಡ್ಡದು' ಅನ್ನುತ್ತೆ. ಪೆನ್‌ಡ್ರೈವ್ ಕೆಟ್ಟಿರಲ್ಲ. ಅದು ಫ್ಯಾಟ್32 ಫಾರ್ಮ್ಯಾಟ್‌ನಲ್ಲಿರುತ್ತೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಕೂರೋದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಒಳಗಿರೋದೆಲ್ಲ ಅಳಿಸಿ ಹೋಗುತ್ತೆ, ಹಾಗಾಗಿ ಮದುವೆ ಫೋಟೋ, ಬಿಲ್ ಏನಾದರೂ ಇದ್ದರೆ ಮೊದಲು ಬೇರೆ ಕಡೆ ಇಳಿಸಿಕೊಳ್ಳಿ.

ಯಾರನ್ನೂ ಕೇಳೋದು ಬೇಡ ಅನ್ನೋರು ಯುಎಸ್‌ಬಿ ಡಿವಿಡಿ ಡ್ರೈವ್ ಕೊಳ್ಳಬಹುದು. ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟ್‌ಗೇ ಹಾಕಿ, ಮುಂದಿನದರಲ್ಲಿ ಕೆಲವೊಮ್ಮೆ ಪವರ್ ಸಾಲಲ್ಲ.

ಇಷ್ಟಾದರೂ ಕೆಲವು ಗೇಮ್ ಓಡಲ್ಲ. 2000ದ ಆಸುಪಾಸಿನ ಹಲವು ಡಿಸ್ಕ್‌ಗಳಲ್ಲಿ ಸೇಫ್‌ಡಿಸ್ಕ್ ಎಂಬ ನಕಲು ತಡೆ ಇದೆ. ವಿಂಡೋಸ್ 10ರಲ್ಲಿ ಅದಕ್ಕೆ ಬೆಂಬಲವೇ ಇಲ್ಲ. 2015ರ ಸೆಪ್ಟೆಂಬರ್ ಅಪ್‌ಡೇಟ್‌ನಿಂದ ವಿಂಡೋಸ್ 7, 8ರಲ್ಲೂ ಅದನ್ನು ನಿಲ್ಲಿಸಿದ್ದಾರೆ. ಅಂದರೆ ಅಸಲಿ ಸಿಡಿ, ಒಳ್ಳೇ ಡ್ರೈವ್ ಎರಡೂ ಇದ್ದರೂ ಗೇಮ್ ಶುರುವಾಗಲ್ಲ. ಡ್ರೈವ್ ಬದಲಿಸಲು ದುಡ್ಡು ಸುರಿಯುವ ಮೊದಲು ಇದು ಗೊತ್ತಿರಲಿ.

ಆಗ ಹುಡುಗರು ನೆಟ್‌ನಲ್ಲಿ 'ನೋ ಸಿಡಿ ಕ್ರ್ಯಾಕ್' ಹುಡುಕಿ, ಆಂಟಿವೈರಸ್ ಆಫ್ ಮಾಡಿ ಹಾಕ್ತಾರೆ. ಅಂಗಡಿಯ ಬಿಲ್ಲಿಂಗ್, ಜಿಎಸ್‌ಟಿ ಲೆಕ್ಕ ಇರುವ ಕಂಪ್ಯೂಟರ್‌ನಲ್ಲಿ ಇದನ್ನು ಖಂಡಿತ ಬಿಡಬೇಡಿ. ಅದರ ಜೊತೆ ಬರುವ ವೈರಸ್ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಬಹುದು. ವರ್ಷದ ಲೆಕ್ಕದ ಮುಂದೆ ಗೇಮ್ ಯಾವ ಲೆಕ್ಕ?

ಅದರ ಬದಲು ಸ್ಟೀಮ್ ಅಥವಾ ಜಿಒಜಿಯಲ್ಲಿ ಅದೇ ಗೇಮ್ ಸಿಗುತ್ತಾ ನೋಡಿ. ಏಜ್ ಆಫ್ ಎಂಪೈರ್ಸ್ 2ರ ಹೊಸ ಆವೃತ್ತಿ 2019ರಲ್ಲೇ ಸ್ಟೀಮ್‌ಗೆ ಬಂದಿದೆ. ಇನ್ನು ಹಾಫ್ ಲೈಫ್ 2, ಸ್ಕೈರಿಮ್ ಥರದ ಬಾಕ್ಸ್ ಇದ್ದರೆ ಡಿಸ್ಕೇ ಬೇಡ. ಒಳಗಿನ ಕೀ ನಂಬರನ್ನು ಸ್ಟೀಮ್‌ನಲ್ಲಿ ಹಾಕಿದರೆ ಗೇಮ್ ಡೌನ್‌ಲೋಡ್ ಆಗುತ್ತೆ. ಆ ಕೀ ಈಗಾಗಲೇ ಬೇರೆಯವರ ಖಾತೆಯಲ್ಲಿ ಬಳಕೆಯಾಗಿದ್ದರೆ ಮಾತ್ರ ನಡೆಯಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಬಾಕ್ಸ್ ಕೊಳ್ಳೋರು ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.