ನಕ್ಷೆಯ ಬಣ್ಣ, ನೆಲದ ಹಣೆಬರಹ

ದಿನಪತ್ರಿಕೆಯ ಒಳಪುಟಗಳಲ್ಲಿ ಟೆಂಡರು, ಹರಾಜು, ಹೆಸರು ಬದಲಾವಣೆಗಳ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ಸರ್ಕಾರಿ ಪ್ರಕಟಣೆ ಇಣುಕುತ್ತದೆ. ಇಂಥ ಪಟ್ಟಣದ ಸ್ಥಳೀಯ ಯೋಜನಾ ಪ್ರದೇಶಕ್ಕೆ ಮಹಾಯೋಜನೆ ತಯಾರಾಗಿದೆ, ನಕ್ಷೆ ಕಚೇರಿಯಲ್ಲಿ ವೀಕ್ಷಣೆಗೆ ಲಭ್ಯವಿದೆ, ಸಲಹೆ-ಆಕ್ಷೇಪಣೆಗಳಿದ್ದಲ್ಲಿ ಅರವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸಬಹುದು ಎಂಬುದು ಅದರ ಸಾರಾಂಶ. ಬಹುಪಾಲು ಮಂದಿ ಅದನ್ನು ಓದದೆ ಪುಟ ತಿರುಗಿಸುತ್ತಾರೆ. ಓದಿದವರೂ 'ಇದು ಇಂಜಿನಿಯರುಗಳ ವ್ಯವಹಾರ, ನಮಗೇಕೆ' ಎಂದುಕೊಳ್ಳುತ್ತಾರೆ. ಆದರೆ ಊರಂಚಿನ ಹೊಲ ಹೊಲವಾಗಿಯೇ ಉಳಿಯುವುದೋ, ಬಡಾವಣೆಯಾಗುವುದೋ, ಕೆರೆಗೆ ನೀರು ತರುವ ಹಳ್ಳದ ಮೇಲೆ ರಸ್ತೆ ಬರುವುದೋ, ಮಕ್ಕಳು ಆಡುವ ಬಯಲು ಬಸ್ ನಿಲ್ದಾಣವಾಗುವುದೋ ಎಂಬುದೆಲ್ಲ ತೀರ್ಮಾನವಾಗುವುದು ಆ ನಕ್ಷೆಯಲ್ಲೇ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಸೇರಿ 'ಮಧುಗಿರಿ ಶೈಕ್ಷಣಿಕ ಜಿಲ್ಲೆ' ಎನಿಸಿಕೊಂಡಿವೆ. ಪರೀಕ್ಷೆಯ ಫಲಿತಾಂಶ ಬಂದಾಗ ಒಟ್ಟಾಗಿ ಕೇಳಿಬರುವ ಈ ನಾಲ್ಕು ಹೆಸರುಗಳಿಗೆ ಇನ್ನೊಂದು ಸಾಮ್ಯವೂ ಇದೆ. ನಾಲ್ಕೂ ಕಡೆ ಭೂಮಿಯ ಬಳಕೆ ವೇಗವಾಗಿ ಬದಲಾಗುತ್ತಿದೆ. ಶಿರಾ ಬೆಂಗಳೂರು-ಪುಣೆ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ತುಮಕೂರಿನಿಂದ ರಾಯದುರ್ಗಕ್ಕೆ ನಿರ್ಮಾಣವಾಗುತ್ತಿರುವ ರೈಲು ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಹಾದುಹೋಗುತ್ತದೆ. ರಸ್ತೆ, ರೈಲು ಬಂದಲ್ಲಿಗೆ ನಿವೇಶನದ ಕಲ್ಲುಗಳೂ ಬರುತ್ತವೆ.

ಏನಿದು ಮಹಾಯೋಜನೆ?

ಮನೆ ಕಟ್ಟುವವರು ಮೊದಲು ನಕ್ಷೆ ಬರೆಸುತ್ತಾರೆ. ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ, ಗಾಳಿ ಬೆಳಕು ಎತ್ತಣಿಂದ ಎಂದು ಯೋಚಿಸುತ್ತಾರೆ. ಇಡೀ ಪಟ್ಟಣಕ್ಕೂ ಅದರ ಸುತ್ತಲ ಹಳ್ಳಿಗಳಿಗೂ ಬರೆದ ಅಂಥದೇ ನಕ್ಷೆ ಮಹಾಯೋಜನೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದಕ್ಕೆ ಆಧಾರ. ಯೋಜನಾ ಪ್ರಾಧಿಕಾರವು ಈಗಿನ ಭೂ ಬಳಕೆಯನ್ನು ಸಮೀಕ್ಷೆ ಮಾಡಿ, ಮುಂದೆ ಬೆಳೆಯಬಹುದಾದ ಜನಸಂಖ್ಯೆಯನ್ನು ಅಂದಾಜಿಸಿ, ಯಾವ ಜಾಗ ಯಾವುದಕ್ಕೆ ಎಂದು ಗುರುತಿಸುತ್ತದೆ. ಹತ್ತು ವರ್ಷಕ್ಕೊಮ್ಮೆಯಾದರೂ ಈ ಯೋಜನೆಯನ್ನು ಪರಿಷ್ಕರಿಸಬೇಕೆಂದು ಕಾಯ್ದೆ ಹೇಳುತ್ತದೆ.

ನಕ್ಷೆಯ ಭಾಷೆ ಬಣ್ಣಗಳದು. ಸಾಮಾನ್ಯವಾಗಿ ಹಳದಿ ಎಂದರೆ ವಸತಿ, ನೀಲಿ ಎಂದರೆ ವಾಣಿಜ್ಯ, ನೇರಳೆ ಎಂದರೆ ಕೈಗಾರಿಕೆ. ಶಾಲೆ, ಆಸ್ಪತ್ರೆ, ಕಚೇರಿಗಳಂಥ ಸಾರ್ವಜನಿಕ ಬಳಕೆಗೆ ಕೆಂಪು, ಉದ್ಯಾನ ಮತ್ತು ಆಟದ ಬಯಲಿಗೆ ಹಸಿರು, ವ್ಯವಸಾಯಕ್ಕೆ ತಿಳಿಹಸಿರು. ಬಣ್ಣಗಳ ವಿವರಣೆ ನಕ್ಷೆಯ ಮೂಲೆಯಲ್ಲೇ ಇರುತ್ತದೆ. ಸಮಾಜ ವಿಜ್ಞಾನದ ಪಾಠದಲ್ಲಿ ನಕ್ಷೆ ಓದಲು ಕಲಿತ ಹೈಸ್ಕೂಲು ವಿದ್ಯಾರ್ಥಿಗೆ ಇದೇನೂ ಕಷ್ಟದ ಕೆಲಸವಲ್ಲ.

ಬಣ್ಣ ಬದಲಾದರೆ ಏನಾಗುತ್ತದೆ? ತಿಳಿಹಸಿರು ಹಳದಿಯಾದರೆ ಜಮೀನಿನ ಬೆಲೆ ಏರಬಹುದು, ಮಾಲೀಕನಿಗೆ ಅನುಕೂಲವಾಗಬಹುದು. ಪಕ್ಕದ ಹೊಲ ನೇರಳೆಯಾದರೆ ಈಚಿನ ಬಾವಿಯ ನೀರಿನ ಗತಿ ಏನು ಎಂಬ ಪ್ರಶ್ನೆ ಏಳುತ್ತದೆ. ಕುಂಟೆಯೊಂದು ನಕ್ಷೆಯಲ್ಲಿ ಗುರುತಾಗದೇ ಹೋದರೆ ನಾಳೆ ಅದನ್ನು ಮುಚ್ಚುವವನನ್ನು ತಡೆಯುವುದು ಕಷ್ಟ.

ತೊಗರಿಕಾಳಿಗಿಂತ ಚಿಕ್ಕ ಕುಂಟೆ

ಕುಂಟೆ ಬಿಟ್ಟುಹೋಗುವುದು ಹೇಗೆಂದು ಒಂದು ಲೆಕ್ಕ ಮಾಡಿ ನೋಡಬಹುದು. ನಕ್ಷೆಯ ಅಳತೆ 1:10,000 ಎಂದಿಟ್ಟುಕೊಳ್ಳೋಣ. ಆಗ ನಕ್ಷೆಯ ಒಂದು ಸೆಂಟಿಮೀಟರು ನೆಲದ ಮೇಲಿನ 100 ಮೀಟರಿಗೆ ಸಮ. ಒಂದು ಗುಂಟೆ ಸುಮಾರು 101 ಚದರ ಮೀಟರು. ಹತ್ತು ಗುಂಟೆಯ ಕುಂಟೆ ಚೌಕಾಕಾರವಾಗಿದ್ದರೆ ಅದರ ಬದಿ ಹೆಚ್ಚುಕಡಿಮೆ 32 ಮೀಟರು. ನಕ್ಷೆಯಲ್ಲಿ ಅದು ಮೂರು ಮಿಲಿಮೀಟರಿನ ಚುಕ್ಕೆ, ತೊಗರಿಕಾಳಿಗಿಂತ ಚಿಕ್ಕದು. ದೂರದ ಕಚೇರಿಯಲ್ಲಿ ಕುಳಿತು ಉಪಗ್ರಹ ಚಿತ್ರ ನೋಡಿ ಗೆರೆ ಎಳೆಯುವವರಿಗೆ, ಅದರಲ್ಲೂ ಬೇಸಿಗೆಯಲ್ಲಿ ಒಣಗಿದ್ದರೆ, ಅದು ಖಾಲಿ ಜಾಗವಾಗಿಯೇ ಕಾಣಬಹುದು. ಅಲ್ಲಿ ದನ ನೀರು ಕುಡಿಯುತ್ತವೆ, ಅದರಿಂದ ಕೆಳಗಿನ ನಾಲ್ಕು ಬಾವಿಗಳಿಗೆ ಜಲ ಬರುತ್ತದೆ ಎಂಬುದು ಗೊತ್ತಿರುವುದು ಊರಿನವರಿಗೆ ಮಾತ್ರ.

ಇನ್ನೊಂದು ಲೆಕ್ಕ. ಒಂದು ಎಕರೆಯ ಮೇಲೆ 25 ಮಿಲಿಮೀಟರು ಮಳೆ ಬಿದ್ದರೆ ಒಟ್ಟು ನೀರು ಸುಮಾರು ಒಂದು ಲಕ್ಷ ಲೀಟರು. ಉತ್ತ ಹೊಲವಾದರೆ ಅದರಲ್ಲಿ ಒಳ್ಳೆಯ ಪಾಲು ನೆಲಕ್ಕೆ ಇಂಗುತ್ತದೆ. ಕಾಂಕ್ರೀಟು, ಡಾಂಬರು ಹಾಸಿದ ನೆಲವಾದರೆ ಬಹುಪಾಲು ಹರಿದುಹೋಗುತ್ತದೆ. ಮಳೆ ಕಡಿಮೆಯಾದ, ಕೊಳವೆಬಾವಿಗಳು ಬತ್ತಿಹೋಗುವ ಈ ತಾಲ್ಲೂಕುಗಳಲ್ಲಿ ಹಳ್ಳ, ಕೆರೆಯಂಗಳ, ಗುಂಡುತೋಪುಗಳ ಗುರುತು ನಕ್ಷೆಯಲ್ಲಿ ಸರಿಯಾಗಿರುವುದು ಕುಡಿಯುವ ನೀರಿಗೆ ಸಂಬಂಧಿಸಿದ ವಿಷಯ. ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿರುವ ಪಾವಗಡದಲ್ಲಂತೂ ಮಳೆ ನೀರನ್ನು ಹಿಡಿದಿಡುವ ಪ್ರತಿ ತಗ್ಗೂ ಅಮೂಲ್ಯ.

ಉಳಿಸಿಕೊಳ್ಳಬೇಕಾದವು ಇನ್ನೂ ಇವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಅರಿಯದವರ ಕಣ್ಣಿಗೆ ಅದೂ ಬೀಳುಭೂಮಿಯೇ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಹುಣಸೆಮರ ಉಳಿದರೆ ಸಾಲದು, ಅವು ಮೀನು ಹಿಡಿಯುವ ಸುತ್ತಲ ಕೆರೆಗಳೂ ಉಳಿಯಬೇಕು.

ಅರವತ್ತು ದಿನದ ಬಾಗಿಲು

ಕಾಯ್ದೆಯ 13ನೇ ಪ್ರಕರಣ ಜನರಿಗೆ ಒಂದು ಬಾಗಿಲು ತೆರೆದಿಟ್ಟಿದೆ. ಸರ್ಕಾರದಿಂದ ಮರಳಿ ಬಂದ ಕರಡು ಯೋಜನೆಯನ್ನೂ ವರದಿಯನ್ನೂ ಪ್ರಾಧಿಕಾರ ಪ್ರಕಟಿಸಬೇಕು. ಪ್ರಕಟವಾದ ಅರವತ್ತು ದಿನಗಳೊಳಗೆ ಸಾರ್ವಜನಿಕರಲ್ಲಿ ಯಾರು ಬೇಕಾದರೂ ಲಿಖಿತ ಅಭಿಪ್ರಾಯ ಕೊಡಬಹುದು. ಇಲ್ಲಿ 'ಯಾರು ಬೇಕಾದರೂ' ಎಂಬುದು ಮುಖ್ಯ. ಜಮೀನಿನ ಮಾಲೀಕರೇ ಆಗಿರಬೇಕೆಂದಿಲ್ಲ. ಗೇಣಿದಾರ, ಕೂಲಿಕಾರ, ಕುರಿಗಾಹಿ, ಬಾಡಿಗೆ ಮನೆಯ ಗೃಹಿಣಿ, ಎಲ್ಲರೂ ಬರೆಯಬಹುದು. ಬಂದ ಅಭಿಪ್ರಾಯಗಳನ್ನು ಪರಿಶೀಲಿಸಿ, ಅಗತ್ಯವೆಂದು ಕಂಡ ಮಾರ್ಪಾಡುಗಳ ಶಿಫಾರಸಿನೊಂದಿಗೆ ಪ್ರಾಧಿಕಾರ ಯೋಜನೆಯನ್ನು ಮತ್ತೆ ಸರ್ಕಾರಕ್ಕೆ ಕಳುಹಿಸಬೇಕು. ಆಮೇಲೆ ಅಂತಿಮ ಒಪ್ಪಿಗೆ. ಅಂತಿಮ ನಕ್ಷೆಯೂ ಪ್ರಾಧಿಕಾರದ ಕಚೇರಿಯಲ್ಲಿ ಜನರ ವೀಕ್ಷಣೆಗೆ ಇರಬೇಕು.

ಬರೆದದ್ದನ್ನೆಲ್ಲ ಒಪ್ಪಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಪರಿಶೀಲಿಸಬೇಕೆಂದು ಮಾತ್ರ ಹೇಳುತ್ತದೆ. ಆದರೆ ಬರೆಯದೇ ಇದ್ದದ್ದನ್ನು ಪರಿಶೀಲಿಸುವವರು ಯಾರು? ಬೆಂಗಳೂರಿನ 2031ರ ಪರಿಷ್ಕೃತ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂದಾಗ ಸಾವಿರಾರು ಆಕ್ಷೇಪಣೆಗಳು ಸಲ್ಲಿಕೆಯಾದವು. ಆ ಕರಡು ಅಂತಿಮಗೊಳ್ಳಲೇ ಇಲ್ಲ. ಸಣ್ಣ ಪಟ್ಟಣಗಳಲ್ಲಿ ಅಷ್ಟು ಸದ್ದು ಏಳುವುದು ಕಡಿಮೆ. ಹಾಗಾಗಿ ಅಲ್ಲಿ ಬರೆದ ಒಂದೊಂದು ಅರ್ಜಿಯ ತೂಕವೂ ಹೆಚ್ಚು.

ಯೋಜನೆ ಜಾರಿಗೆ ಬಂದ ಮೇಲೂ ನಿರ್ದಿಷ್ಟ ಜಾಗದ ಭೂ ಬಳಕೆಯನ್ನು ಬದಲಿಸಲು 14-ಎ ಪ್ರಕರಣದಲ್ಲಿ ಅವಕಾಶವಿದೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಪ್ರಸ್ತಾವವನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಕನಿಷ್ಠ ಹದಿನೈದು ದಿನ ಕೊಡಬೇಕು ಎಂಬ ಷರತ್ತುಗಳಿವೆ. ಹದಿನೈದು ದಿನ ಎಂದರೆ ದಸರಾ ರಜೆ ಕಳೆಯುವಷ್ಟರಲ್ಲಿ ಮುಗಿದುಹೋಗುವ ಕಾಲ.

ಗೆರೆಯ ಆಚೆ: ಪಾವಗಡದ ಪಾಠ

ಮಹಾಯೋಜನೆಯ ಗೆರೆ ಪಟ್ಟಣ ಮತ್ತು ಸುತ್ತಲ ಕೆಲವು ಹಳ್ಳಿಗಳಿಗೆ ನಿಲ್ಲುತ್ತದೆ. ಅದರಾಚೆಯ ಹಳ್ಳಿಗಳಲ್ಲಿ ದೊಡ್ಡ ಯೋಜನೆ ಬಂದಾಗ ಜನರ ಮಾತು ಕೇಳುವ ದಾರಿ ಬೇರೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ವ್ಯಾಪ್ತಿಗೆ ಬರುವ ಹಲವು ಬಗೆಯ ಗಣಿ, ಕಾರ್ಖಾನೆಗಳಿಗೆ ಮೂವತ್ತು ದಿನ ಮುಂಚಿತವಾಗಿ ಪ್ರಕಟಣೆ ಕೊಟ್ಟು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಆದರೆ ಸೌರ ಫಲಕಗಳಿಂದ ವಿದ್ಯುತ್ ಉತ್ಪಾದಿಸುವ ಘಟಕಗಳಿಗೆ ಆ ಅಧಿಸೂಚನೆಯಿಂದ ವಿನಾಯಿತಿ ಇದೆ.

ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಎದ್ದುನಿಂತ 'ಶಕ್ತಿಸ್ಥಳ' ಸೌರ ಉದ್ಯಾನ ಇದಕ್ಕೆ ದೊಡ್ಡ ಉದಾಹರಣೆ. ಮೊದಲ ಹಂತ 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. 2019ರ ಕೊನೆಗೆ ಪೂರ್ಣ ಸಾಮರ್ಥ್ಯ 2,050 ಮೆಗಾವಾಟು ತಲುಪಿತು. ಐವತ್ತೆರಡು ಚದರ ಕಿಲೋಮೀಟರಿಗೂ ಹೆಚ್ಚು ನೆಲದ ಬಳಕೆ ಕೆಲವೇ ವರ್ಷಗಳಲ್ಲಿ ಬದಲಾಯಿತು.

ಇಲ್ಲಿ ಮೆಚ್ಚಬೇಕಾದ ಅಂಶವೊಂದಿದೆ. ಜಮೀನನ್ನು ಸ್ವಾಧೀನ ಮಾಡಿಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಒಡೆತನ ರೈತರಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ ಎಂದು ನಿಗದಿಯಾಯಿತು. ಐದು ಎಕರೆ ಇದ್ದವನಿಗೆ ವರ್ಷಕ್ಕೆ 1,05,000 ರೂಪಾಯಿ, ಮೊದಲ ಏರಿಕೆಯ ನಂತರ 1,10,250. ಮಳೆ ಕೈಕೊಟ್ಟು ಶೇಂಗಾ ಬೆಳೆ ಒಣಗುತ್ತಿದ್ದ ನೆಲದಲ್ಲಿ ಇದು ಖಾತರಿಯ ಆದಾಯ. ಜಮೀನಿನ ಮಾಲೀಕರೊಂದಿಗೆ ಮಾತುಕತೆ ನಡೆದೇ ಈ ವ್ಯವಸ್ಥೆ ರೂಪುಗೊಂಡಿತು.

ಲೆಕ್ಕದ ಇನ್ನೊಂದು ಬದಿಯೂ ಇದೆ. ಜಮೀನಿಲ್ಲದ ಕೂಲಿಕಾರನಿಗೆ ಎಷ್ಟು ಗುತ್ತಿಗೆ? ಸೊನ್ನೆ. ಹೊಲದಲ್ಲಿ ಕಳೆ ಕೀಳುತ್ತ, ಶೇಂಗಾ ಬಿಡಿಸುತ್ತ ಬದುಕುತ್ತಿದ್ದವರಿಗೆ, ಅವರಲ್ಲಿ ಅನೇಕರು ದಲಿತ ಕುಟುಂಬದವರು, ಹೊಲವೇ ಇಲ್ಲವಾದ ಮೇಲೆ ಕೆಲಸವೂ ಇಲ್ಲವಾಯಿತು. ಕೆಲವರಿಗೆ ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಸಿಕ್ಕಿತು. ಹಲವರು ಕೆಲಸ ಹುಡುಕಿ ಊರು ಬಿಟ್ಟರು. ಬೇಲಿಯೊಳಗಿನ ನೆಲದಲ್ಲಿ ಕುರಿ ಮೇಯಿಸುವಂತಿಲ್ಲ. ಸೌರ ವಿದ್ಯುತ್ತು ನಾಡಿಗೆ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಪಹಣಿಯಲ್ಲಿ ಹೆಸರಿಲ್ಲದವರ ಮಾತನ್ನೂ ಕೇಳುವ ಸಭೆಯೊಂದು ಕಡ್ಡಾಯವಾಗಿದ್ದರೆ, ಮೇವಿಗಿಷ್ಟು ಜಾಗ, ಕೂಲಿಗಿಷ್ಟು ಕೆಲಸ ಎಂಬ ಬೇಡಿಕೆಗಳು ಮೊದಲೇ ಕಾಗದದ ಮೇಲೆ ಬರುತ್ತಿದ್ದವು.

ಕೊರಟಗೆರೆಯ ಅನುಭವ ಇನ್ನೊಂದು ಬಗೆಯದು. ಎತ್ತಿನಹೊಳೆ ಯೋಜನೆಗಾಗಿ ಬೈರಗೊಂಡ್ಲು ಬಳಿ ಜಲಾಶಯ ಕಟ್ಟುವ ಪ್ರಸ್ತಾವದಲ್ಲಿ ಕೊರಟಗೆರೆ ಮತ್ತು ದೊಡ್ಡಬಳ್ಳಾಪುರ, ಎರಡೂ ತಾಲ್ಲೂಕಿನ ಜಮೀನುಗಳು ಮುಳುಗುವಂತಿದ್ದವು. ಒಂದೇ ನೀರಿನಲ್ಲಿ ಮುಳುಗುವ ನೆಲಕ್ಕೆ ಎರಡು ತಾಲ್ಲೂಕಿನಲ್ಲಿ ಎರಡು ಬೆಲೆ ಏಕೆ ಎಂದು ರೈತರು ಕೇಳಿದ ಪ್ರಶ್ನೆ ವರ್ಷಗಟ್ಟಲೆ ಕಗ್ಗಂಟಾಯಿತು. ಜನರೊಂದಿಗೆ ಮೊದಲೇ ಕುಳಿತು ಬಗೆಹರಿಸದ ವಿಷಯ ಆಮೇಲೆ ಯೋಜನೆಯನ್ನೇ ತಡೆದು ನಿಲ್ಲಿಸುತ್ತದೆ.

ಸಭೆಗೆ ಬಾರದವರು

ಈ ತೊಡಕು ನಮ್ಮಲ್ಲಿ ಮಾತ್ರ ಇರುವುದಲ್ಲ. ಬ್ರಿಟನ್ನಿನಲ್ಲಿ 1969ರಲ್ಲಿ ಸ್ಕೆಫಿಂಗ್ಟನ್ ಸಮಿತಿ ಇದೇ ವಿಷಯದ ಮೇಲೆ ವರದಿ ಕೊಟ್ಟಿತು. ನಕ್ಷೆ ಮುಗಿದ ಮೇಲೆ ತೋರಿಸಿದರೆ ಸಾಲದು, ತಯಾರಾಗುತ್ತಿರುವಾಗಲೇ ಜನರಿಗೆ ತಿಳಿಸಬೇಕು. ಸಭೆಗೆ ಬಾರದ, ಸಂಘಗಳಿಗೆ ಸೇರದ ಜನರನ್ನು ತಾವಾಗಿ ಹುಡುಕಿಕೊಂಡು ಹೋಗಬೇಕು ಎಂಬುದು ಅದರ ಮುಖ್ಯ ಸಲಹೆಗಳಲ್ಲಿ ಸೇರಿತ್ತು. ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಬರಲಾಗದ ತಾಯಿ, ತೆಲುಗು ಮಾತ್ರ ಬಲ್ಲ ಗಡಿಗ್ರಾಮದ ಅಜ್ಜ, ಓದು ಬಾರದ ಕುರಿಗಾಹಿ ಇವರೆಲ್ಲ ನಮ್ಮ 'ಸಭೆಗೆ ಬಾರದವರು'. ಅವರ ಮನೆಯಲ್ಲೇ ಹತ್ತನೇ ತರಗತಿ ಓದುತ್ತಿರುವ ಹುಡುಗನೋ ಹುಡುಗಿಯೋ ಇರುತ್ತಾರೆ. ನಕ್ಷೆಗೂ ಮನೆಗೂ ನಡುವೆ ಸೇತುವೆಯಾಗಬಲ್ಲವರು ಅವರೇ.

ಏನು ಮಾಡಬಹುದು?

ಪ್ರಕಟಣೆ ಬರುವವರೆಗೆ ಕಾಯಬೇಕಾಗಿಲ್ಲ. ಊರಿನ ಗ್ರಾಮ ನಕ್ಷೆಯ ಪ್ರತಿಯನ್ನು ಭೂಮಾಪನ ಇಲಾಖೆಯಿಂದ ಪಡೆದು, ಕೆರೆ, ಕುಂಟೆ, ಹಳ್ಳ, ಗೋಮಾಳ, ಬಂಡಿದಾರಿ, ಸ್ಮಶಾನ ಎಲ್ಲೆಲ್ಲಿವೆ ಎಂದು ಹಿರಿಯರ ಜೊತೆ ನಡೆದು ನೋಡಿ ಗುರುತಿಸಿಟ್ಟುಕೊಳ್ಳಬಹುದು. ಶಾಲೆಯ ಪರಿಸರ ಸಂಘಕ್ಕೆ ಇದು ಒಂದು ತಿಂಗಳ ಉತ್ತಮ ಚಟುವಟಿಕೆ. ಕರಡು ಯೋಜನೆ ಪ್ರಕಟವಾದ ದಿನ ಎರಡೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟರೆ ಬಿಟ್ಟುಹೋದದ್ದು ತಾನಾಗಿ ಕಾಣುತ್ತದೆ.

ಅರ್ಜಿಯಲ್ಲಿ ಕೋಪಕ್ಕಿಂತ ವಿವರ ಹೆಚ್ಚಿರಬೇಕು. 'ನಮ್ಮ ಊರಿಗೆ ಅನ್ಯಾಯವಾಗಿದೆ' ಎಂದಷ್ಟೇ ಬರೆದರೆ ಕಡತ ಸೇರಿ ಮಲಗುತ್ತದೆ. ಗ್ರಾಮ, ಹೋಬಳಿ, ಸರ್ವೆ ನಂಬರು, ಜಾಗದ ಈಗಿನ ಬಳಕೆ, ಕರಡಿನಲ್ಲಿ ತೋರಿಸಿರುವ ಬಳಕೆ, ಆಗಬೇಕಾದ ಬದಲಾವಣೆ, ಅದಕ್ಕೆ ಕಾರಣ ಇಷ್ಟನ್ನು ಒಂದೇ ಪುಟದಲ್ಲಿ ಬರೆದು, ಪಹಣಿ, ಗ್ರಾಮ ನಕ್ಷೆ, ಫೋಟೋಗಳ ಪ್ರತಿ ಲಗತ್ತಿಸಬೇಕು. ಕಚೇರಿಯಲ್ಲಿ ಕೊಟ್ಟಾಗ ದಿನಾಂಕ, ಮೊಹರು ಸಹಿತ ಸ್ವೀಕೃತಿ ಪಡೆಯಬೇಕು. ಅರ್ಜಿಯ ಗತಿ ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಕೇಳಬಹುದು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ಮಧುಗಿರಿ, ಶಿರಾ, ಪಾವಗಡದಂಥ ಕೋಟೆಯ ಊರುಗಳಿಗೆ ಹೊಸದಲ್ಲ. ಅಡಿಪಾಯ ಬಿದ್ದ ಮೇಲೆ ಧರಣಿ ಕೂರುವುದಕ್ಕಿಂತ ಗೆರೆ ಎಳೆಯುವಾಗ ಒಂದು ಪುಟ ಬರೆಯುವುದು ಸುಲಭ. ನಕ್ಷೆಯ ಮೇಲಿನ ಬಣ್ಣ ಒಣಗುವ ಮುನ್ನ ಅದನ್ನು ನೋಡಲು ಸಿಗುವುದು ಅರವತ್ತೇ ದಿನ. ಆಮೇಲೆ ಆ ಬಣ್ಣದ ಕೆಳಗೆ ಬದುಕಬೇಕಾದವರು ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವ ಮಕ್ಕಳು.