ಸಾಕ್ಷಿ ‘ಹಾಸ್ಟೈಲ್’ ಆದರೆ ಸುಳ್ಳು ಹೇಳಿದರು ಎಂದೇ ಅರ್ಥವೇ?

“ಸಾಕ್ಷಿ ಹಾಸ್ಟೈಲ್ ಆದ” ಎಂಬ ಸುದ್ದಿ ಗ್ರೂಪಿಗೆ ಬಂದರೆ ಸಾಕು, “ಎಷ್ಟು ದುಡ್ಡು ತಿಂದನೋ” ಎಂಬ ಸಾಲೂ ಸೇರಿಕೊಂಡು ಮುಂದಿನ ಗ್ರೂಪಿಗೆ ಹೋಗುತ್ತದೆ. ಫಾರ್ವರ್ಡ್ ಮಾಡುವ ಮೊದಲು ಈ ಪದದ ಅರ್ಥ ನೋಡೋಣ.

ಹಾಸ್ಟೈಲ್ ಎಂದರೆ ಹಗೆತನದ, ಸ್ನೇಹವಿಲ್ಲದ, ವಿರೋಧದ. ಮುಖ ಸಿಂಡರಿಸುವ ನೆರೆಮನೆಯವರಿಗೂ ಶತ್ರುದೇಶಕ್ಕೂ ಇದೇ ಪದ. ಕೋರ್ಟಿನಲ್ಲಿ ಮಾತ್ರ ಅರ್ಥ ಬೇರೆ.

ಲಾಯಿಲದ ಒಬ್ಬರು, ಪೊಲೀಸರು ಕರೆದರೆಂದು ಮಹಜರಿಗೆ ಸಹಿ ಹಾಕಿದ್ದಾರೆ ಅಂದುಕೊಳ್ಳಿ. ಎರಡು ಮೂರು ವರ್ಷ ಕಳೆದ ಮೇಲೆ ಬೆಳ್ತಂಗಡಿ ಕೋರ್ಟಿನಿಂದ ಸಮನ್ಸ್ ಬರುತ್ತದೆ. “ಸಹಿ ನನ್ನದೇ, ಅದರಲ್ಲಿ ಏನು ಬರೆದಿತ್ತೋ ಗೊತ್ತಿಲ್ಲ” ಎನ್ನುತ್ತಾರೆ. ಆಗ ಸರ್ಕಾರಿ ವಕೀಲರು, ಇವರು ನಮ್ಮ ಕೇಸಿಗೆ ಪೂರಕವಾಗಿ ಹೇಳುತ್ತಿಲ್ಲ ಎಂದು, ತಾವೇ ಕರೆಸಿದ ಸಾಕ್ಷಿಗೆ ತಾವೇ ಪಾಟೀಸವಾಲು ಹಾಕಲು ನ್ಯಾಯಾಧೀಶರ ಅನುಮತಿ ಕೇಳುತ್ತಾರೆ. ಇಷ್ಟೇ. ಪತ್ರಿಕೆಗಳು ಬರೆಯುವ ‘ಪ್ರತಿಕೂಲ ಸಾಕ್ಷಿ’ ಇದೇ. ದುಡ್ಡಿಗೆ, ಬೆದರಿಕೆಗೆ ಮಾತು ಬದಲಿಸುವವರು ಇಲ್ಲವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಆದರೆ ಸುಳ್ಳು ಸಾಕ್ಷಿ ಎನ್ನುವುದು ಬೇರೆಯೇ ಅಪರಾಧ. ಅದನ್ನು ಪ್ರತ್ಯೇಕವಾಗಿ ಸಾಬೀತು ಮಾಡಬೇಕು.

ಇದಕ್ಕೆ ಅವಕಾಶ ಕೊಟ್ಟಿದ್ದ 1872ರ ಸಾಕ್ಷ್ಯ ಕಾಯ್ದೆಯ 154ನೇ ಕಲಮಿನಲ್ಲಿ ‘ಹಾಸ್ಟೈಲ್’ ಎಂಬ ಪದವೇ ಇರಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 157ನೇ ಕಲಮಿನಲ್ಲೂ ಇಲ್ಲ. ಅಂಥ ಸಾಕ್ಷಿ ಹೇಳಿದ್ದೆಲ್ಲ ಕಸದ ಬುಟ್ಟಿಗೆ ಹೋಗುತ್ತದೆ ಎನ್ನುವುದೂ ತಪ್ಪು. ನಂಬಲರ್ಹವಾದ ಭಾಗವನ್ನು ಬಳಸಿಕೊಳ್ಳಬಹುದು ಎಂದು ಸತ್ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1970ರ ದಶಕದಲ್ಲೇ ಹೇಳಿದೆ.

ಇನ್ನು ಪದದ ಮೂಲ. ಲ್ಯಾಟಿನ್‌ನ ‘ಹೋಸ್ಟಿಸ್’ ಎಂದರೆ ಶತ್ರು. ಆದರೆ ಹಿಂದೆ ಅದಕ್ಕೆ ‘ಹೊರಗಿನವ’ ಎಂದಷ್ಟೇ ಅರ್ಥವಿತ್ತು ಎಂದು ರೋಮಿನ ಸಿಸೆರೊ ಬರೆದಿದ್ದಾನೆ. ಭಾಷಾಶಾಸ್ತ್ರಜ್ಞರ ಪ್ರಕಾರ ಗೆಸ್ಟ್, ಹಾಸ್ಟೆಲ್, ಹಾಸ್ಪಿಟಲ್ ಕೂಡ ಇದೇ ಬೇರಿನವು. ಅಂಗಳಕ್ಕೆ ಬಂದ ಅಪರಿಚಿತನಿಗೆ ಬೆಲ್ಲ ನೀರು ಕೊಟ್ಟರೆ ಅವನು ಗೆಸ್ಟ್, ನಾಯಿ ಬಿಟ್ಟರೆ ನಾವು ಹಾಸ್ಟೈಲ್!

ಅಂದಹಾಗೆ, ಅಮೆರಿಕದವರು ಹಾಸ್ಟೈಲನ್ನು ಹೆಚ್ಚುಕಡಿಮೆ ‘ಹಾಸ್ಟಲ್’ ಎಂದೇ ಉಚ್ಚರಿಸುತ್ತಾರೆ. ಇಂಗ್ಲಿಷ್ ಸಿನಿಮಾದಲ್ಲಿ ಕೇಳಿಸಿದರೆ ಯಾರೋ ಹಾಸ್ಟೆಲಿಗೆ ಸೇರಿದರು ಅಂದುಕೊಳ್ಳಬೇಡಿ.